ಹೆಂಗ ಅನಸ್ತೈತಿ ಅಂತ ಕೇಳಬ್ಯಾಡ್ರಿ

ಇವತ್ತು ರಾಜಕೀಯ ಇಲ್ಲ. ಯಾರು ಯಾರಿಗೆ ಏನಂದರು ಅನ್ನೋದೂ ಇಲ್ಲ. ಇವತ್ತು ನಾನು ಒಂದು ಪಿರಿಯಡ್ ಬಗ್ಗೆ ಮಾತಾಡಬೇಕು. ಆರು, ಏಳು, ಎಂಟನೇ ಕ್ಲಾಸಿನ ವೇಳಾಪಟ್ಟಿಯಲ್ಲಿ ವಾರಕ್ಕೊಮ್ಮೆ ಬರೆದಿರುತ್ತೆ, ಆದರೆ ಬಹಳ ಕಡೆ ನಡೆಯೋದಿಲ್ಲ. ಚಿತ್ರಕಲೆ ಪಿರಿಯಡ್. ನೀವು ರಿಮೋಟ್ ಕೈಗೆ ತಗೊಳ್ಳೋ ಮುಂಚೆ ಹೇಳಿಬಿಡ್ತೀನಿ, ಇದು ಕಲೆಯ ಬಗ್ಗೆ ಭಾಷಣ ಅಲ್ಲ. ಇದರಲ್ಲಿ ನನ್ನದೊಂದು ತಪ್ಪೂ ಇದೆ. ಮೊದಲು ಅದನ್ನೇ ಹೇಳ್ತೀನಿ.

2019ರ ಆಗಸ್ಟ್. ಮಲಪ್ರಭೆ ಉಕ್ಕಿ ಬಂದಿದ್ದಳು. ನವಿಲುತೀರ್ಥದ ಡ್ಯಾಮ್ ತುಂಬಿ ಗೇಟ್ ಎತ್ತಿದ್ದರು. ಕೆಳಗೆ ಮುನವಳ್ಳಿ, ಅದರಾಚೆ ರಾಮದುರ್ಗ ತಾಲೂಕಿನ ಹೊಳೆದಂಡೆ ಹಳ್ಳಿಗಳು ನೀರಿನಲ್ಲಿದ್ದವು. ನಾನಾಗ ವರದಿಗಾರ. ಕೈಯಲ್ಲಿ ಮೈಕು, ಮೊಣಕಾಲತನಕ ಕೆಸರು, ಕಿವಿಯಲ್ಲಿ ಡೆಸ್ಕಿನವರ ಧ್ವನಿ. ಒಂದು ಶಾಲೆಯನ್ನೇ ಪರಿಹಾರ ಕೇಂದ್ರ ಮಾಡಿದ್ದರು. ಅದರ ಮೆಟ್ಟಿಲ ಮೇಲೆ ಒಬ್ಬ ಹುಡುಗ ಕೂತಿದ್ದ. ಹನ್ನೊಂದೋ ಹನ್ನೆರಡೋ ವಯಸ್ಸು. ನಾನು ಅವನ ಬಾಯಿಗೆ ಮೈಕ್ ಹಿಡಿದು ಕೇಳಿದೆ, “ತಮ್ಮಾ, ಈಗ ನಿನಗ ಹೆಂಗ ಅನಸಾಕತ್ತೈತಿ?”

ಅವನು ಏನೂ ಅನ್ನಲಿಲ್ಲ. ಕ್ಯಾಮೆರಾ ನೋಡಿದ. ನನ್ನನ್ನು ನೋಡಿದ. ಆಮೇಲೆ ತನ್ನ ಕೈ ನೋಡಿಕೊಂಡ. ಒಂಬತ್ತು ಸೆಕೆಂಡ್. ನಾನು ಎಣಿಸಿದ್ದಲ್ಲ, ಎಡಿಟ್ ಮಾಡುವವರು ಎಣಿಸಿದ್ದು. “ಸಖತ್ ವಿಷುವಲ್” ಅಂತ ಡೆಸ್ಕಿನಿಂದ ಫೋನ್ ಬಂತು. ಅಂದು ಸಂಜೆಯಿಂದ ರಾತ್ರಿವರೆಗೆ ಆ ಒಂಬತ್ತು ಸೆಕೆಂಡು ಎಷ್ಟು ಸಲ ಓಡಿತೋ. ಹಿಂದೆ ಕೊಳಲಿನ ಮ್ಯೂಸಿಕ್ ಬೇರೆ. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆರು ತಿಂಗಳ ನಂತರ, 2020ರ ಫೆಬ್ರವರಿಯಲ್ಲಿ, ಮತ್ತೆ ಅದೇ ಊರಿಗೆ ಹೋದೆ. ಬಿದ್ದ ಮನೆಗಳ ಪರಿಹಾರ ಏನಾಯ್ತು ಅನ್ನೋ ಸ್ಟೋರಿ. ನಿಮಗೆ ನೆನಪಿರಬಹುದು, ಸರ್ಕಾರ ತಕ್ಷಣದ ಪರಿಹಾರ ಅಂತ 10,000 ರೂಪಾಯಿ ಕೊಟ್ಟಿತ್ತು. ಮನೆ ಹಾನಿಯನ್ನ ಎ, ಬಿ, ಸಿ ಅಂತ ವಿಂಗಡಿಸಿ, ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ ಅಂತ ಘೋಷಿಸಿತ್ತು. ಯಾರ ಗೋಡೆ ಎ, ಯಾರ ಗೋಡೆ ಬಿ ಅಂತ ಊರತುಂಬ ಜಗಳ. ಆ ಜಗಳ ಶೂಟ್ ಮಾಡಿಕೊಂಡು, ನೀರು ಕುಡಿಯೋಕೆ ಶಾಲೆಗೆ ಹೋದೆ. ಅಲ್ಲಿ ವಿಜ್ಞಾನ ಹೇಳೋ ಅಕ್ಕೋರು ಒಬ್ಬರು ಇದ್ದರು. ಡ್ರಾಯಿಂಗ್ ಮಾಸ್ತರು ಇಲ್ಲದ ಶಾಲೆ, ಶನಿವಾರದ ಚಿತ್ರಕಲೆ ಪಿರಿಯಡ್ ಅವರ ತಲೆಗೇ ಬಿದ್ದಿತ್ತು. “ನನಗ ಚಿತ್ರ ಬರೂದಿಲ್ರೀ ಸರ್, ಹೃದಯದ ಚಿತ್ರ ಬಿಟ್ರ ಬ್ಯಾರೆ ಏನೂ ಬರೂದಿಲ್ಲ. ಅದೂ ನಾಕು ಕೋಣಿದ್ದು” ಅಂತ ನಕ್ಕರು.

ಆ ಹುಡುಗ ಅವರ ಕ್ಲಾಸಿನಲ್ಲೇ ಇದ್ದ. ಪ್ರತಿ ಶನಿವಾರ ಅವನು ಒಂದೇ ಚಿತ್ರ ಬಿಡಿಸ್ತಿದ್ದನಂತೆ. ಒಂದು ಗಂಟು. ನೆಲದಾಗ ಒಂದು ಗೂಟ, ಗೂಟಕ್ಕೆ ಹಗ್ಗ, ಹಗ್ಗಕ್ಕೆ ಗಂಟು. ದನ ಇಲ್ಲ, ಮನೆ ಇಲ್ಲ, ನೀರೂ ಇಲ್ಲ. ಮೊದಲು ಅಕ್ಕೋರಿಗೆ ಸಿಟ್ಟು ಬಂದಿತ್ತು. ಮೈಗಳ್ಳ, ಬೇರೆ ಬಿಡಿಸೋಕೆ ಬೇಸರ ಇವನಿಗೆ ಅಂದುಕೊಂಡಿದ್ದರು. ಆಮೇಲೆ ನೋಡ್ತಾರೆ, ಗಂಟು ಪ್ರತಿ ವಾರ ಇನ್ನಷ್ಟು ಚೆನ್ನಾಗಿ ಬರ್ತಿದೆ. ಹಗ್ಗದ ಒಂದೊಂದು ಹುರಿ ಕಾಣಿಸ್ತಿದೆ. ಮೈಗಳ್ಳ ಹಿಂಗೆ ಬಿಡಿಸೋದಿಲ್ಲ.

ಅವರು ಅವನನ್ನ ಹತ್ತಿರ ಕರೆದು “ಯಾಕೋ?” ಅಂತ ಕೇಳಲಿಲ್ಲ. “ನಿನಗೇನಾಗೈತಿ?” ಅಂತಲೂ ಕೇಳಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು, “ಇದು ಯಾವ ಗಂಟೋ?” ಅಂತ ಕೇಳಿದರು.

“ಕಣ್ಣಿ ಗಂಟ್ರೀ. ತೊಯ್ದದ್ದು. ತೊಯ್ದ ಗಂಟು ಬಿಚ್ಚೂದಿಲ್ರೀ ಅಕ್ಕೋರ.”

ಅಷ್ಟೇ. ಮುಂದಿನ ಶನಿವಾರ ಇನ್ನೊಂದು ಮಾತು. ಅದರ ಮುಂದಿನ ಶನಿವಾರ ಇನ್ನೊಂದು. ಹೀಗೆ ಕೂಡಿಸಿದ ಮೇಲೆ ಗೊತ್ತಾದದ್ದು ಇಷ್ಟು. ನೀರು ಬಂದ ರಾತ್ರಿ ಅಪ್ಪ ಎತ್ತು ಬಿಚ್ಚೋಕೆ ಓಡಿದ, “ಕರುವಿನ ಕಣ್ಣಿ ಬಿಚ್ಚು” ಅಂತ ಇವನಿಗೆ ಹೇಳಿದ. ಇವನ ಕೈಯಿಂದ ಆಗಲಿಲ್ಲ. ಅಷ್ಟರಲ್ಲಿ ಯಾರೋ ಇವನನ್ನ ಎತ್ತಿಕೊಂಡು ಟ್ರ್ಯಾಕ್ಟರಿಗೆ ಹಾಕಿದರು. ಕರು ಅಲ್ಲೇ ಉಳಿಯಿತು. ಮಗ ಬಿಚ್ಚಿದ್ದಾನೆ, ಎಲ್ಲೋ ತೇಲಿಹೋಗಿದೆ, ಯಾರ ಊರಿನ ದಂಡೆಗೋ ಹತ್ತಿರಬೇಕು ಅಂತ ಅಪ್ಪ ನಂಬಿದ್ದ. ಸಿಕ್ಕ ಸಿಕ್ಕವರನ್ನ ಕೇಳ್ತಿದ್ದ. ಹುಡುಗ ಬಾಯಿ ಬಿಟ್ಟಿರಲಿಲ್ಲ.

ಮೆಟ್ಟಿಲ ಮೇಲೆ ಅವನು ಕೈ ನೋಡಿಕೊಂಡದ್ದು ನನಗೆ ಆಗ ನೆನಪಾಯ್ತು.

ನಾನು ಏನು ಮಾಡಿದೆ ಗೊತ್ತೇ? ಕ್ಯಾಮೆರಾಮನ್‌ಗೆ ಕಣ್ಸನ್ನೆ ಮಾಡಿದೆ. ಆ ಚಿತ್ರಗಳನ್ನ ಒಂದು ಶಾಟ್ ತಗೊ ಅಂತ. ಅಭ್ಯಾಸಬಲ. ಅಕ್ಕೋರು ಫೈಲ್ ಮುಚ್ಚಿದರು. “ಅವನ್ನ ಕೇಳ್ರಿ ಸರ್. ಚಿತ್ರ ಅವನ್ದು.” ಕೇಳಿದೆ. ಅವನು ತಲೆ ಅಲ್ಲಾಡಿಸಿ ಬೇಡ ಅಂದ. ವಾಪಸ್ ಬಂದೆವು. ಇವತ್ತು ನಾನು ಇದನ್ನ ನಿಮ್ಮ ಮುಂದೆ ಹೇಳ್ತಿರೋದು, ಈಗ ಕಾಲೇಜು ಓದುತ್ತಿರುವ ಆ ಹುಡುಗನನ್ನ ಕೇಳಿದ ಮೇಲೆ. ಊರ ಹೆಸರು ಹೇಳಬ್ಯಾಡ್ರಿ ಅಂದ. ಹೇಳೋದಿಲ್ಲ.

ಈಗ ವಿಷಯಕ್ಕೆ ಬರೋಣ.

ನಾನು ಬೈಲಹೊಂಗಲದ ಕಡೆ ಶಾಲೆ ಕಲಿತವನು, ಇಂಜಿನಿಯರಿಂಗ್ ಓದಿದವನು. ನಮಗೆ ಶಾಲೆಯಲ್ಲಿ ಚಿತ್ರಕಲೆ ಅಂದರೆ ಒಂದೇ ಚಿತ್ರ. ನಿಮಗೂ ಅದೇ ಇರಬೇಕು. ಎರಡು ಚೂಪು ಗುಡ್ಡ, ನಡುವೆ ಸೂರ್ಯ, ಗುಡ್ಡದಿಂದ ಇಳಿಯೋ ಹೊಳೆ, ಪಕ್ಕಕ್ಕೊಂದು ಗುಡಿಸಲು, ಒಂದು ತೆಂಗಿನ ಗಿಡ, ನಾಕು ಹಕ್ಕಿ. ನಮ್ಮೂರ ಎರೆಹೊಲದಲ್ಲಿ ನಿಂತು ನಾಕು ದಿಕ್ಕಿಗೆ ನೋಡಿದರೂ ಚೂಪು ಗುಡ್ಡ ಕಾಣೋದಿಲ್ಲ. ಸವದತ್ತಿ ಎಲ್ಲಮ್ಮನ ಗುಡ್ಡವೇ ನಮಗೆ ದೊಡ್ಡ ಗುಡ್ಡ, ಅದರ ತಲೆ ಚಪ್ಪಟೆ. ಆದರೂ ಮೂವತ್ತೂ ಮಕ್ಕಳು ಚೂಪು ಗುಡ್ಡ ಬಿಡಿಸಿದೆವು. ಯಾರ ಗುಡ್ಡವೋ ಅದು, ಇವತ್ತಿಗೂ ನನಗೆ ಗೊತ್ತಿಲ್ಲ. ಚಿತ್ರಕ್ಕೆ ಹತ್ತಕ್ಕೆ ಎಂಟು ಮಾರ್ಕು ಮಾತ್ರ ಬರ್ತಿತ್ತು. ಆಮೇಲೆ ನಾನು ಬಿಡಿಸಿದ ಚಿತ್ರ ಅಂದರೆ ಮೊದಲ ವರ್ಷದ ಇಂಜಿನಿಯರಿಂಗ್ ಡ್ರಾಯಿಂಗ್ ಪೇಪರಿನ ಐಸೊಮೆಟ್ರಿಕ್ ಪ್ರೊಜೆಕ್ಷನ್. ಅದರಲ್ಲಿ ಭಾವನೆ ಏನಾದರೂ ಇದ್ದರೆ ಅದು ಭಯ ಒಂದೇ.

ಕಾನೂನು ಏನು ಹೇಳುತ್ತೆ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಗೆ ಒಂದು ಅನುಸೂಚಿ ಇದೆ. 6ರಿಂದ 8ನೇ ತರಗತಿಯಲ್ಲಿ ಮಕ್ಕಳ ಸಂಖ್ಯೆ 100 ದಾಟಿದರೆ ಕಲಾ ಶಿಕ್ಷಣಕ್ಕೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅಂತ. ಓದೋಕೆ ಚೆನ್ನಾಗಿದೆ. ಆದರೆ ರಾಮದುರ್ಗ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಆರು, ಏಳು, ಎಂಟು ಕೂಡಿಸಿದರೆ ನೂರು ಮಕ್ಕಳು ಎಲ್ಲಿಂದ ಬರಬೇಕು? ನಲವತ್ತು, ಐವತ್ತು. ಅಂದರೆ ಸಣ್ಣ ಊರಲ್ಲಿ ಹುಟ್ಟಿದ ಮಗುವಿಗೆ ಕಾನೂನೇ ಕಲಾ ಶಿಕ್ಷಕರನ್ನ ಕೊಟ್ಟಿಲ್ಲ. ಡ್ರಾಯಿಂಗ್ ಮಾಸ್ತರು ಇದ್ದರೆ ಹೈಸ್ಕೂಲಿನಲ್ಲಿ ಇರ್ತಾರೆ. ಅಷ್ಟೊತ್ತಿಗೆ ಹುಡುಗ ಹದಿನಾಲ್ಕು ದಾಟಿ, ಎಸ್ಸೆಸ್ಸೆಲ್ಸಿ ಭೂತ ಹೆಗಲೇರಿ ಕೂತಿರುತ್ತೆ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆ ಕಡ್ಡಾಯ ವಿಷಯ ಆಗಬೇಕು ಅಂತು. 2020ರ ಶಿಕ್ಷಣ ನೀತಿ ಕಲೆಯನ್ನ ಎಲ್ಲಾ ವಿಷಯದ ಜೊತೆ ಬೆರೆಸಬೇಕು ಅಂತು. ಹೇಳಿದವರು ಹೇಳಿದರು. ಶನಿವಾರ ಬೆಳಗಿನ ಆ ಪಿರಿಯಡ್ ಮಾತ್ರ ಗಣಿತದ ಮಾಸ್ತರು “ಪೋರ್ಷನ್ ಉಳಿದೈತಿ” ಅಂತ ತಗೊಂಡುಬಿಡ್ತಾರೆ. ಅವರನ್ನೂ ಬಯ್ಯೋ ಹಾಗಿಲ್ಲ. ಒಬ್ಬರೇ ಮೂರು ಕ್ಲಾಸು ನೋಡ್ತಾ, ಬಿಸಿಯೂಟದ ಲೆಕ್ಕ ಬರೀತಾ, ಚುನಾವಣೆ ಕೆಲಸ ಮಾಡ್ತಾ ಇರೋ ಮನುಷ್ಯ.

ಇನ್ನು ಪ್ರತಿಭಾ ಕಾರಂಜಿ ಇದೆಯಲ್ಲ ಅಂತೀರಿ. ಇದೆ, ಒಳ್ಳೆಯದೇ. ಆದರೆ ಅದು ಸ್ಪರ್ಧೆ. ಗೆದ್ದವನು ತಾಲೂಕಿಗೆ, ಜಿಲ್ಲೆಗೆ ಹೋಗ್ತಾನೆ. ನನ್ನ ಆ ಗಂಟು ಬಿಡಿಸೋ ಹುಡುಗನಿಗೆ ಯಾವ ಬಹುಮಾನ ಕೊಡ್ತೀರಿ? ಪ್ರಥಮವೋ, ದ್ವಿತೀಯವೋ?

ಒಂದು ಮಾತು ನನಗೆ ಬಹಳ ದಿನದಿಂದ ಕಾಡ್ತಿದೆ. ನಮ್ಮ ಈ ಸೀಮೆ ಎದೆಯೊಳಗಿನದನ್ನ ಹೊರಗೆ ಹಾಕೋಕೆ ಗೊತ್ತಿಲ್ಲದ ಸೀಮೆ ಅಲ್ಲವೇ ಅಲ್ಲ. ನಮ್ಮಜ್ಜಿ ಕಾಲದ ಹೆಂಗಸರು ಸಾವಿನ ಮನೆಯಲ್ಲಿ ಸುಮ್ಮನೆ ಅಳ್ತಿರಲಿಲ್ಲ, ಹಾಡ್ಯಾಡಿಕೊಂಡು ಅಳ್ತಿದ್ದರು. ಸತ್ತವನ ಗುಣ, ಅವನು ಕಟ್ಟಿದ ಮನೆ, ಅವನು ಉಣ್ಣದೇ ಬಿಟ್ಟುಹೋದ ಬುತ್ತಿ, ಅವನ ಮೇಲಿದ್ದ ಸಿಟ್ಟು ಕೂಡ ರಾಗದಲ್ಲಿ ಬರ್ತಿತ್ತು. ಮೊಹರಂ ಬಂದರೆ ಹಿಂದೂ ಮುಸ್ಲಿಂ ಅನ್ನದೇ ಕೂತು ರಿವಾಯತ್ ಹಾಡ್ತಾರೆ. ಎಲ್ಲಿಯ ಕರ್ಬಲಾ, ಎಲ್ಲಿಯ ಎರೆಹೊಲ, ಆದರೆ ಕಣ್ಣೀರು ನಿಜ. ಸಂಗ್ಯಾ ಬಾಳ್ಯಾ ನಮ್ಮ ಬೈಲಹೊಂಗಲ ನೆಲದ ಕಥೆ. ಗೆಳೆತನ, ಆಸೆ, ಮೋಸ, ಕೊಲೆ ಎಲ್ಲ ಅದರಲ್ಲಿದೆ. ರಾತ್ರಿಯಿಡೀ ಕೂತು ನೋಡಿದ ಗಂಡಸರು ಬಾಳ್ಯಾನ ಮೋಸಕ್ಕೆ ಹಲ್ಲು ಕಡೀತಿದ್ದರು. ಮಣ್ಣೆತ್ತಿನ ಅಮಾವಾಸ್ಯೆ ಆದಮೇಲೆ ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಣ್ಣಿನಿಂದ ಗುಳ್ಳವ್ವನ್ನ ಮಾಡಿ, ಗುಲಗಂಜಿ ಅಂಟಿಸಿ, ಹಾಡಿಕೊಂಡು ಮನೆಮನೆ ತಿರುಗ್ತಾರೆ. ಕೈಗೆ ಮಣ್ಣು, ಬಾಯಿಗೆ ಹಾಡು, ಜೊತೆಗೆ ಗೆಳತಿಯರು. ಇದಕ್ಕಿಂತ ದೊಡ್ಡ ಕಲಾ ಶಿಕ್ಷಣ ಯಾವ ನೀತಿಯಲ್ಲಿದೆ ಹೇಳಿ?

ಆದರೆ ಇದೆಲ್ಲ ಶಾಲೆಯ ಕಾಂಪೌಂಡಿನ ಹೊರಗೆ. ಒಳಗೆ ಕಾಲಿಟ್ಟ ಕೂಡಲೇ “ಕೈ ಕಟ್ಟು, ಬಾಯಿ ಮುಚ್ಚು.” ಗಂಡುಹುಡುಗ ಕಣ್ಣಲ್ಲಿ ನೀರು ತಂದರೆ “ಹೆಣ್ಣುಡಿಗ್ಯಾರಂಗ ಅಳ್ತೀಯೇನಲೇ?”

ಇದರ ಪರಿಣಾಮ ಮಾತಿನಲ್ಲೇ ಕಾಣುತ್ತೆ. ಕಳೆದ ವರ್ಷ ಬೈಲಹೊಂಗಲ ತಾಲೂಕಿನ ಒಂದು ಶಾಲೆಗೆ ಅತಿಥಿ ಅಂತ ಕರೆದಿದ್ದರು. ಏಳನೇ ಕ್ಲಾಸು. ಭಾಷಣದ ಬದಲು ಒಂದು ಆಟ ಆಡಿಸಿದೆ. ಮನಸ್ಸಿನೊಳಗೆ ಏನೇನು ಆಗುತ್ತೆ, ಹೆಸರು ಹೇಳ್ರಿ ಅಂದೆ. ಮೊದಲು ಬಂದದ್ದು “ಟೆನ್ಶನ್.” ಆಮೇಲೆ “ಫೀಲಿಂಗ್.” ಆಮೇಲೆ “ಮೂಡ್ ಆಫ್.” ಮುಗಿದೇಹೋಯ್ತು. ನಾನು “ಹಳಹಳಿ ಅಂದ್ರೇನ್ರೋ?” ಅಂದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು, “ನಮ್ಮಾಯಿ ಅಂತಾಳ್ರೀ. ಮಾಡಬಾರದಿತ್ತು ಅಂತ ಆಮ್ಯಾಲೆ ಅನಸ್ತದಲ್ರೀ, ಅದು” ಅಂದಳು. ಸರಿ, ಶುರುವಾಯ್ತು. ಕಳವಳ. ಕಸಿವಿಸಿ. ಅಂಜಿಕಿ. ನಾಚಿಕಿ. ಹೊಟ್ಟಿಕಿಚ್ಚು. ಸಂಕಟ. ಬ್ಯಾಸರ. ದಿಗಿಲು. ಅಕ್ಕರತಿ. “ಕರಳು ಚುರ್ರ್ ಅಂತು” ಅಂತ ಒಬ್ಬ. ಬೋರ್ಡು ತುಂಬಿತು. ಅಜ್ಜಿಯ ಹತ್ತಿರ ಮೂವತ್ತು ಶಬ್ದ ಇದ್ದವು, ಮೊಮ್ಮಗನ ಹತ್ತಿರ ಟೆನ್ಶನ್ ಒಂದೇ ಉಳಿದಿದೆ. ಆಮೇಲೆ ಅವರ ಮೇಷ್ಟ್ರು ಒಂದು ಒಳ್ಳೆ ಕೆಲಸ ಮಾಡಿದರು. “ಒಂದು ಶಬ್ದ ಆರಿಸ್ಕೊಳ್ರಿ, ಅದಕ್ಕ ಕೈಕಾಲು ಇದ್ರ ಅದು ಹೆಂಗ ಕಾಣತಿತ್ತು, ಬಿಡಸ್ರಿ” ಅಂದರು. ಅಂಜಿಕೆಗೆ ಒಬ್ಬ ಹುಡುಗ ಬಾಗಿಲ ಸಂದಿ ಬಿಡಿಸಿದ್ದ, ಹೊಟ್ಟೆಕಿಚ್ಚಿಗೆ ಒಬ್ಬಳು ಹೊಸ ಸೈಕಲ್ಲಿನ ಗಂಟೆ. ಹಳಹಳಿಗೆ ಆ ಹಿಂದಿನ ಸಾಲಿನ ಹುಡುಗಿ ಏನೂ ಬಿಡಿಸಲಿಲ್ಲ. ಹಾಳೆ ತುಂಬ ಒತ್ತಿ ಅಳಿಸಿದ ಗುರುತು, ರಬ್ಬರ್ ತಿಕ್ಕಿ ಹಾಳೆ ತೂತಾಗಿತ್ತು. ಅದೇ ಚಿತ್ರ ಅಂದಳು. ನಾನು ಎಷ್ಟೋ ಗ್ಯಾಲರಿ ನೋಡಿದ್ದೀನಿ, ಅಂಥದ್ದು ನೋಡಿಲ್ಲ.

ಹೆಸರಿಟ್ಟರೆ ಏನಾಗುತ್ತೆ? ಇಂಜಿನಿಯರ್ ಬುದ್ಧಿ, ಪುರಾವೆ ಹುಡುಕಿದೆ. 2007ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಯವರು ಮೆದುಳಿನ ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನ ಇದೆ. ಸಿಟ್ಟಿನ, ಭಯದ ಮುಖಗಳನ್ನ ತೋರಿಸಿ, ಆ ಭಾವನೆಗೆ ಹೆಸರು ಕೊಡಿ ಅಂದಾಗ, ಭಯಕ್ಕೆ ಪ್ರತಿಕ್ರಿಯಿಸೋ ಅಮಿಗ್ಡಲಾ ಅನ್ನೋ ಭಾಗದ ಚಟುವಟಿಕೆ ತಗ್ಗಿತು. ಡ್ಯಾಮಿನ ಗೇಟು ಸ್ವಲ್ಪ ಎತ್ತಿದ ಹಾಗೆ ಅಂತ ನಾನು ಅರ್ಥಮಾಡಿಕೊಂಡೆ.

ಆದರೆ ಇಲ್ಲೇ ನಾನು ಎಡವಿದೆ. ಹಾಗಾದರೆ ಮಕ್ಕಳಿಗೆ “ನಿನ್ನ ದುಃಖ ಬಿಡಿಸು” ಅಂದುಬಿಟ್ಟರೆ ಆಯ್ತಲ್ಲ? ಇಲ್ಲ. 2013ರಲ್ಲಿ ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಅಮೆರಿಕದಲ್ಲಿ 6ರಿಂದ 12 ವರ್ಷದ ಮಕ್ಕಳ ಜೊತೆ ಇದನ್ನೇ ಪರೀಕ್ಷೆ ಮಾಡಿದರು. ಮನಸ್ಸಿಗೆ ನೋವಾದ ಒಂದು ಪ್ರಸಂಗ ನೆನಪಿಸಿಕೊಳ್ಳಿ ಅಂದರು. ಕೆಲವರಿಗೆ ಅದನ್ನೇ ಬಿಡಿಸಿ ಅಂದರು, ಕೆಲವರಿಗೆ ಬೇರೆ ಏನಾದರೂ ಬಿಡಿಸಿ ಅಂದರು. ಬೇರೆ ಬಿಡಿಸಿದ ಮಕ್ಕಳ ಮನಸ್ಸೇ ಹೆಚ್ಚು ಹಗುರಾಗಿತ್ತು. ಅಂದರೆ ನೋವಿನಲ್ಲಿರೋ ಮಗು ನವಿಲು ಬಿಡಿಸಿದರೆ ಅದು ನೋವಿನಿಂದ ತಪ್ಪಿಸಿಕೊಳ್ಳೋದಲ್ಲ, ಉಸಿರು ತಗೊಳ್ಳೋದು. ಒತ್ತಾಯ ಮಾಡಿ ಹೊಳೆ ಬಿಡಿಸು, ಕೊಚ್ಚಿಹೋದ ಮನೆ ಬಿಡಿಸು ಅಂದರೆ, ಅದು ನಾನು ಮೈಕ್ ಹಿಡಿದು ಕೇಳಿದ್ದಕ್ಕಿಂತ ಬೇರೆ ಏನೂ ಅಲ್ಲ. ಮೈಕಿನ ಬದಲು ಪೆನ್ಸಿಲ್ ಅಷ್ಟೇ.

ಇದನ್ನ ಅಧ್ಯಯನ ಇಲ್ಲದೇ ಬಲ್ಲ ಒಬ್ಬ ಹೆಣ್ಣುಮಗಳಿದ್ದಳು. ಫ್ರೀಡ್ಲ್ ಡಿಕರ್ ಬ್ರಾಂಡೈಸ್. 1898ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವಳು, ಜರ್ಮನಿಯ ಬೌಹೌಸ್ ಶಾಲೆಯಲ್ಲಿ ಕಲಿತವಳು. ಯಹೂದಿ ಅನ್ನೋ ಕಾರಣಕ್ಕೆ 1942ರ ಡಿಸೆಂಬರಿನಲ್ಲಿ ನಾಜಿಗಳು ಅವಳನ್ನ ತೆರೆಜಿನ್ ಅನ್ನೋ ಕೋಟೆ ಊರಿನ ಬಂದೀಖಾನೆಗೆ ಕಳಿಸಿದರು. ಅಲ್ಲಿ ಮಕ್ಕಳಿಗೆ ಚಿತ್ರ ಹೇಳಿಕೊಟ್ಟಳು. ಹಳೇ ಫಾರಂಗಳ ಹಿಂಬದಿ, ಸಿಕ್ಕ ಸಿಕ್ಕ ಚೂರು ಕಾಗದ. ಮಕ್ಕಳು ಹೂವು ಬಿಡಿಸಿದರು, ಚಿಟ್ಟೆ ಬಿಡಿಸಿದರು, ಬಿಟ್ಟುಬಂದ ಮನೆಯ ಊಟದ ಮೇಜು ಬಿಡಿಸಿದರು. ಪ್ರತಿ ಚಿತ್ರದ ಮೇಲೆ ಹೆಸರು ಬರೆಸಿದಳು. ಆ ಜಾಗದಲ್ಲಿ ಎಲ್ಲರಿಗೂ ನಂಬರ್ ಇತ್ತು, ಇವಳ ಕ್ಲಾಸಿನಲ್ಲಿ ಹೆಸರು. 1944ರ ಅಕ್ಟೋಬರಿನಲ್ಲಿ ಅವಳನ್ನ ಆಶ್‌ವಿಟ್ಜ್‌ಗೆ ಒಯ್ದು ಕೊಂದರು. ಹೋಗುವ ಮುಂಚೆ ಎರಡು ಸೂಟ್‌ಕೇಸಿನಲ್ಲಿ ಸುಮಾರು 4,500 ಚಿತ್ರ ಬಚ್ಚಿಟ್ಟಿದ್ದಳು. ಬಿಡಿಸಿದ ಮಕ್ಕಳಲ್ಲಿ ಬಹಳಷ್ಟು ಜನ ಉಳಿಯಲಿಲ್ಲ. ಚಿತ್ರಗಳು ಇವತ್ತು ಪ್ರಾಗ್ ನಗರದ ಯಹೂದಿ ಮ್ಯೂಸಿಯಂನಲ್ಲಿವೆ. ನಮ್ಮ ಶಾಲೆಗಳನ್ನ ಅದಕ್ಕೆ ಹೋಲಿಸ್ತಿಲ್ಲ ನಾನು, ದೇವರಾಣೆ. ಕಾಗದ ಇಲ್ಲ, ಸಮಯ ಇಲ್ಲ ಅನ್ನೋ ಮಾತು ಬಂದಾಗ ಅವಳು ನೆನಪಾಗ್ತಾಳೆ, ಅಷ್ಟೇ.

ದೂರ ಯಾಕೆ, ಸೇವಾಗ್ರಾಮದಲ್ಲಿ ಗಾಂಧೀಜಿಯ ನಯೀ ತಾಲೀಮ್ ಶಾಲೆಯ ಕಲಾ ಶಿಕ್ಷಕರಾಗಿದ್ದ ದೇವಿ ಪ್ರಸಾದ್, ಕಲೆಯೇ ಶಿಕ್ಷಣದ ಬುನಾದಿ ಅಂತ ಪುಸ್ತಕವನ್ನೇ ಬರೆದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಇಂಥ ಪ್ರಯೋಗಗಳನ್ನ ಮಾಡಿದವರು. ಬೆಳಗಾವಿಯಲ್ಲೇ ಕೆ.ಬಿ. ಕುಲಕರ್ಣಿ ಅವರು ಚಿತ್ರಮಂದಿರ ಕಟ್ಟಿ ಎಷ್ಟು ಕಲಾವಿದರನ್ನ ತಯಾರು ಮಾಡಿದರು. ಆದರೆ ನಾನು ಕಲಾವಿದರನ್ನ ಕೇಳ್ತಿಲ್ಲ. ಮೂವತ್ತು ಮಕ್ಕಳಲ್ಲಿ ಕಲಾವಿದ ಆಗೋನು ಒಬ್ಬ. ಉಳಿದ ಇಪ್ಪತ್ತೊಂಬತ್ತು ಜನರದ್ದು ನನ್ನ ಚಿಂತೆ.

ಕಿತ್ತೂರಿಗೆ ಬನ್ನಿ. ಅಕ್ಟೋಬರ್ ಬಂತೆಂದರೆ ಕಿತ್ತೂರು ಉತ್ಸವ. ಪ್ರತಿ ಶಾಲೆಯಲ್ಲಿ ಹತ್ತು ಚೆನ್ನಮ್ಮ, ಇಪ್ಪತ್ತು ರಾಯಣ್ಣ. ರಟ್ಟಿನ ಖಡ್ಗ, ಹುರಿ ಮೀಸೆ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಬಿದ್ದ ಪ್ರಸಂಗ ಕೇಳಿದರೆ ನನ್ನ ಮೈಯೂ ಈಗಲೂ ಜುಮ್ ಅನ್ನುತ್ತೆ. ಆದರೆ ನಾವು ಮಕ್ಕಳಿಗೆ ಕಲಿಸಿದ್ದು ಒಂದೇ ರಸ, ವೀರ. ಚೆನ್ನಮ್ಮ ಗಂಡನನ್ನ ಕಳಕೊಂಡವಳು, ಮಗನನ್ನ ಕಳಕೊಂಡವಳು. ಕೋಟೆ ಹೋದಮೇಲೆ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು, 1829ರಲ್ಲಿ ಅಲ್ಲೇ ತೀರಿಕೊಂಡಳು. ಆಕೆಯ ಸಮಾಧಿ ನಮ್ಮ ಊರಲ್ಲೇ ಇದೆ. ಆ ಸೆರೆಯ ದಿನಗಳಲ್ಲಿ ಆಕೆಗೆ ಏನನ್ನಿಸಿರಬೇಕು ಅಂತ ನಾನು ಹತ್ತು ವರ್ಷ ಶಾಲೆ ಕಲಿತರೂ ಯಾರೂ ಕೇಳಲಿಲ್ಲ. ಕಿತ್ತೂರ ಕಡೆಯ ಒಬ್ಬ ಸಮಾಜ ವಿಜ್ಞಾನದ ಮಾಸ್ತರು ಕೇಳಿದ್ದಾರೆ. “ಖಡ್ಗ ಇಲ್ಲದ ಚೆನ್ನಮ್ಮನ್ನ ಬಿಡಸ್ರಿ” ಅಂದರಂತೆ. ಮಕ್ಕಳು ಹತ್ತು ನಿಮಿಷ ಸುಮ್ಮನೆ ಕೂತರು. ಆಮೇಲೆ ಒಬ್ಬ ಹುಡುಗ ಒಂದು ಕಿಟಕಿ ಬಿಡಿಸಿದ, ಕಿಟಕಿ ಹೊರಗೆ ಹಾದಿ. ಹಾದಿಗೆ ಮೈಲಿಗಲ್ಲು, ಅದರ ಮೇಲೆ “ಕಿತ್ತೂರ” ಅಂತ. ಆಗ ಮೈಲಿಗಲ್ಲು ಇತ್ತೋ ಇಲ್ಲವೋ, ಬಿಡಿ. ಚೆನ್ನಮ್ಮನ್ನ ಬಿಡಿಸಿರಲಿಲ್ಲ. ಕೇಳಿದ್ದಕ್ಕೆ “ನಾವs ಆಕಿ ಅದೀವಲ್ರೀ ಸರ, ಆಕಿ ನೋಡಾಕತ್ತಿದ್ದನ್ನ ನಾವ್ ನೋಡಾಕತ್ತೀವಿ” ಅಂದನಂತೆ.

ಈಗ ಕಷ್ಟದ ಭಾಗ. ಸವದತ್ತಿ ಕಡೆ ಒಂದು ಶಾಲೆಯಲ್ಲಿ “ನನ್ನ ಕುಟುಂಬ” ಅಂತ ಚಿತ್ರ ಕೊಟ್ಟಿದ್ದರು. ಒಬ್ಬ ಹುಡುಗಿ ತಾಯಿ, ಅಜ್ಜಿ, ತಾನು, ಒಂದು ಬೆಕ್ಕು ಬಿಡಿಸಿದಳು. ಹೊಸದಾಗಿ ಬಂದಿದ್ದ ಶಿಕ್ಷಕರು, ಒಳ್ಳೆಯವರೇ, “ಅಪ್ಪ ಎಲ್ಲಿ? ಅಪ್ಪನ್ನೂ ಬಿಡಸು” ಅಂದರು. ಇಡೀ ಕ್ಲಾಸು ತಿರುಗಿ ನೋಡಿತು. ದೇವದಾಸಿ ಪದ್ಧತಿ ನಿಷೇಧದ ಕಾಯ್ದೆ ಬಂದದ್ದು 1982ರಲ್ಲಿ. ಕಾಯ್ದೆ ಬಂತು, ಅಪ್ಪನ ಹೆಸರಿನ ಕಾಲಂ ಮಾತ್ರ ಮಕ್ಕಳ ಬೆನ್ನು ಬಿಡಲಿಲ್ಲ. ಆ ಹುಡುಗಿ ಒಂದು ವಾರ ಶಾಲೆಗೆ ಬರಲಿಲ್ಲ. ಚಿತ್ರಕಲೆ ಪಿರಿಯಡ್ ಮಗುವನ್ನ ಅರಳಿಸುತ್ತೆ ಅಂತ ಹೇಳೋ ನನ್ನಂಥವರು ಇದನ್ನೂ ಹೇಳಬೇಕು, ಆ ಪಿರಿಯಡ್ಡೇ ಮಗುವನ್ನ ಸುಡಲೂಬಹುದು. “ನಿನ್ನ ಜೊತೆ ಯಾರು ಇದ್ದರೆ ನಿನಗೆ ಧೈರ್ಯ, ಅವರನ್ನ ಬಿಡಸು” ಅಂದಿದ್ದರೆ ಅದೇ ಚಿತ್ರ, ಬೆಕ್ಕಿನ ಸಮೇತ, ಪೂರ್ತಿ ಸರಿಯಿತ್ತು.

ಇನ್ನೊಂದು ಹುಚ್ಚಿದೆ, ವಾಟ್ಸಾಪ್ ಮನೋವಿಜ್ಞಾನ. ಮಗು ಕಪ್ಪು ಬಣ್ಣ ಬಳಸಿದರೆ ಖಿನ್ನತೆ, ಕೆಂಪು ಬಳಸಿದರೆ ಸಿಟ್ಟು, ಕೈ ಬಿಡಿಸದಿದ್ದರೆ ಏನೋ ಘೋರ. ಸುಳ್ಳು. ಬಹಳ ಸಲ ಡಬ್ಬಿಯಲ್ಲಿ ಕಪ್ಪು ಕ್ರೆಯಾನ್ ಒಂದೇ ಉಳಿದಿರುತ್ತೆ. ಎರೆಮಣ್ಣಿನ ಊರಿನ ಮಗು ನೆಲಕ್ಕೆ ಕಪ್ಪು ಹಚ್ಚದೇ ಇನ್ಯಾವ ಬಣ್ಣ ಹಚ್ಚಬೇಕು? ಚಿತ್ರ ನೋಡಿ ರೋಗ ಹೇಳೋದು ಶಿಕ್ಷಕರ ಕೆಲಸ ಅಲ್ಲ. ನನ್ನ ಕೆಲಸವಂತೂ ಅಲ್ಲವೇ ಅಲ್ಲ.

ಆದರೆ ಮಗು ಚಿತ್ರದ ಜೊತೆ ಬಾಯಿಬಿಟ್ಟು ಹೇಳಿತು, ಯಾರೋ ತನಗೆ ಕೆಟ್ಟದ್ದು ಮಾಡಿದ್ದಾರೆ ಅಂತ. ಆಗ? ಆಗ ಅದು ಕಲೆಯ ವಿಷಯ ಅಲ್ಲ, ಕಾನೂನಿನ ವಿಷಯ. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮು ಸ್ಪಷ್ಟ ಇದೆ, ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ 21ನೇ ಕಲಮಿನಲ್ಲಿ ಶಿಕ್ಷೆ. “ಊರ ಮರ್ಯಾದಿ”, “ಹೆಣ್ಣು ಹುಡುಗಿ ಭವಿಷ್ಯ” ಅಂತ ಪಂಚಾಯ್ತಿ ಕೂಡಿಸೋ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಬೀಳೋದಿಲ್ಲ. ಈ ಎರಡು ನಂಬರ್ ಸ್ಟಾಫ್ ರೂಮಿನ ಗೋಡೆಗೆ ಬರೆದಿಡಿ. ನಾನು ಕೇಳೋದು ಇಷ್ಟೇ.

ತಂದೆತಾಯಿಗಳ ಮಾತೂ ಕೇಳಿದ್ದೀನಿ. ಬೈಲಹೊಂಗಲ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯರು, “ಸಾಹೇಬ್ರ, ಗಣಿತ ಬಿಟ್ಟು ಗೊಂಬಿ ಬಿಡಿಸಿದ್ರ ಹೊಟ್ಟಿ ತುಂಬತೈತೇನ್ರಿ?” ಅಂದರು. ತುಂಬೋದಿಲ್ಲ ಕಾಕಾ, ನಿಮ್ಮ ಮಾತು ನಿಜ. ಆದರೆ ನಾನು ಎಂಟು ಸೆಮಿಸ್ಟರ್ ಗಣಿತ ಓದಿದೆ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ರೂಮಿನವನು ಒಂದು ವಾರ ಯಾರ ಜೊತೆಗೂ ಮಾತಾಡಲಿಲ್ಲ. ನಾವು “ಮೂಡ್ ಆಫ್ ಅವಂದು” ಅಂತ ಕ್ರಿಕೆಟ್ ನೋಡೋಕೆ ಹೋದೆವು. ಅವನಿಗೆ ಹೇಳೋಕೆ ಶಬ್ದ ಇರಲಿಲ್ಲ, ನಮಗೆ ಕೇಳೋಕೆ ಶಬ್ದ ಇರಲಿಲ್ಲ. ಅವನು ಬದುಕಿದ್ದಾನೆ, ಪುಣ್ಯ. ವಾರ್ಡನ್ ಬಾಗಿಲು ಒಡೆದಿದ್ದರಿಂದ. ಇದಕ್ಕಿಂತ ಹೆಚ್ಚು ಹೇಳೋ ಹಕ್ಕು ನನಗಿಲ್ಲ.

ಮತ್ತೆ ಆ ಹೊಳೆದಂಡೆ ಊರಿಗೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಗಂಟು ಬಿಚ್ಚೋಕೆ ಶುರುವಾಗಿದ್ದ ಹುಡುಗ ಮನೆ ಸೇರಿದ. ಅಕ್ಕೋರು ಸುಮ್ಮನೆ ಕೂರಲಿಲ್ಲ. ವಿದ್ಯಾಗಮ ನಡೆದಾಗ ಗುಡಿಯ ಕಟ್ಟೆ ಮೇಲೆ ಪಾಠ ಹೇಳ್ತಿದ್ದರು, ಚಿತ್ರದ ಫೈಲನ್ನೂ ಚೀಲದಲ್ಲಿ ಒಯ್ತಿದ್ದರು. ಒಂದು ದಿನ ಹುಡುಗನೇ ಫೈಲ್ ಕೇಳಿ ತಗೊಂಡು ಮನೆಗೆ ಹೋದ. ಏನು ಹೇಳಿದನೋ, ಹೇಗೆ ಹೇಳಿದನೋ, ಅವನು ನನಗೂ ಹೇಳಿಲ್ಲ. ಅಪ್ಪ ಹಾಳೆ ನೋಡಿ ಬಹಳ ಹೊತ್ತು ಸುಮ್ಮನಿದ್ದು, “ತೊಯ್ದ ಕಣ್ಣಿ ನನ್ನ ಕೈಲೇನೂ ಬಿಚ್ಚತಿರಲಿಲ್ಲೋ ತಮ್ಮಾ. ಕುಡಗೋಲು ತಗೊ ಅಂತ ನಾ ಹೇಳಬೇಕಾಗಿತ್ತು” ಅಂದನಂತೆ. ಆಮೇಲೆ ಕರುವಿನ ವಿಷಯ ಊರಲ್ಲಿ ಕೇಳೋದನ್ನ ಬಿಟ್ಟ.

ಅಕ್ಕೋರಿಗೆ ಈಗ ಬೇರೆ ಶಾಲೆ. ಅಲ್ಲೂ ಶನಿವಾರದ ಪಿರಿಯಡ್ ಅವರದ್ದೇ, ಈ ಸಲ ತಾವೇ ಕೇಳಿ ತಗೊಂಡಿದ್ದಾರೆ. ಹೋದ ವಾರ ನನಗೊಂದು ಮೆಸೇಜ್ ಹಾಕಿದ್ದರು: “ಸರ್, ಹಾಳಿ ತೀರ್ಯಾವು. ನಿಮ್ಮ ಆಫೀಸಿನ್ಯಾಗ ಒಂದು ಬದಿ ಖಾಲಿ ಇದ್ದ ಹಾಳಿ ಇದ್ರ ಕಳಸ್ರಿ.” ನಮ್ಮ ನ್ಯೂಸ್ ರೂಮಿನಲ್ಲಿ ಅಂಥ ಹಾಳೆಗೆ ಏನು ಬರ. ಬುಲೆಟಿನ್ ಮುಗಿದ ಮೇಲೆ ಸ್ಕ್ರಿಪ್ಟ್ ಕಸದ ಬುಟ್ಟಿಗೆ ಹೋಗೋದು ದಿನದ ಸಂಪ್ರದಾಯ. ಮೂರು ದಿನ ಕೂಡಿಸಿ, ಎರಡು ಬಂಡಲ್ ಕಟ್ಟಿ, ನಿನ್ನೆ ರಾತ್ರಿ ರಾಮದುರ್ಗದ ಬಸ್ಸಿಗೆ ಹಾಕಿಸಿದ್ದೀನಿ. ಒಂದು ಬದಿಗೆ ನಮ್ಮ ಬ್ರೇಕಿಂಗ್ ನ್ಯೂಸ್ ಇದೆ, ದಪ್ಪಕ್ಷರದಲ್ಲಿ. ಇನ್ನೊಂದು ಬದಿ ಖಾಲಿ.